ಹಲ್ಲಿಯೂ ಹೂಂ ಅಂತು

ಗಾಂಧಿ ಚೀಟಿ ಕೂಡಿಸುವವರುಂಟು, ರೈಲಿನ ಚೀಟಿ ಕೂಡಿಸುವವರುಂಟು. ಹಲ್ಲಿ, ಉಡ, ಹಾವು, ಮೊಸಳೆಗಳ ಅಂಚೆಚೀಟಿಯ ಬೆನ್ನು ಹತ್ತಿದವನು ಆದೋನಿಯಲ್ಲಿ ನಾನೊಬ್ಬನೇ ಇರಬೇಕು. ಹತ್ತಿ ಮಾರ್ಕೆಟ್ಟಿನ ಊರಲ್ಲಿ ಹಲ್ಲಿ ಮಾರ್ಕೆಟ್ಟು ಹುಡುಕುತ್ತಾನೆ ಅಂತ ಗೆಳೆಯರ ನಗೆ ಬೇರೆ.

ಮೊದಲ ತೊಡಕು ಭಾಷೆಯದು. ತೆಲುಗಿನಲ್ಲಿ ಹಲ್ಲಿಗೆ ‘ಬಲ್ಲಿ’. ಪಕ್ಕದ ಮನೆಯಾತ ಬಾಗಿಲಲ್ಲಿ ನಿಂತು ‘ಕೊತ್ತ ಬಲ್ಲಿ ಉಂದಾ?’ ಅಂದರೆ, ಒಳಗಿನಿಂದ ಅವ್ವ ‘ನಾನೇನ್ ಬಲ್ಲೆನಪ್ಪ, ಅವನ್ನೇ ಕೇಳು’ ಅನ್ನುತ್ತಾಳೆ.

ಹಳೆ ಲಕೋಟೆಯಿಂದ ಕತ್ತರಿಸಿದ ಚೀಟಿಯನ್ನು ತಟ್ಟೆಯ ನೀರಲ್ಲಿ ನೆನೆಹಾಕಿ, ಅಂಟು ಬಿಟ್ಟ ಮೇಲೆ ಚಿಮುಟದಲ್ಲಿ ಎತ್ತಿ, ಪೇಪರಿನ ಮೇಲೆ ಬೋರಲು ಒಣಗಿಸಬೇಕು. ಮೊನ್ನೆ ಯಾರೋ ಫ್ಯಾನು ಹಾಕಿದರು. ಇಂಡೋನೇಷ್ಯಾ 1959ರಲ್ಲಿ ತಂದ ಕೊಮೊಡೊ ಉಡ ಹಾರಿ ಬಂದು ಅವ್ವನ ಎಡ ಹೆಗಲ ಮೇಲೆ ಕೂತಿತು. ಅಸಲಿ ಕೊಮೊಡೊ ಹತ್ತಡಿವರೆಗೂ ಬೆಳೆದು ಜಿಂಕೆ ನುಂಗುವ ಪ್ರಾಣಿ, ಇದು ಹೆಬ್ಬೆಟ್ಟಿನಷ್ಟು. ಅವ್ವ ಪಂಚಾಂಗ ತೆಗೆದಳು. ಹಲ್ಲಿ ತಲೆಗೆ ಬಿದ್ದರೇನು, ಹೆಗಲಿಗೆ ಬಿದ್ದರೇನು, ಹೆಂಗಸರಿಗೇನು, ಗಂಡಸರಿಗೇನು, ಎಲ್ಲ ಫಲವೂ ಉಂಟು. ಕಾಗದದ ಉಡಕ್ಕೆ ಮಾತ್ರ ಫಲವಿಲ್ಲ.

‘ತಲಿ ಮ್ಯಾಲೆ ನೀರ್ ಹಾಕ್ಕೊಳ್ಳಲೇನೋ?’

‘ಅದೇ ಮಿಂದು ಬಂದೈತಿ, ಬಿಡವ್ವ.’

ನ್ಯೂಜಿಲೆಂಡಿನ 1991ರ ಟುವಾಟಾರಾ ಇನ್ನೂ ತಂಟೆಯದು. ನೋಡಲು ಹಲ್ಲಿ, ಆದರೆ ಹಲ್ಲಿಯಲ್ಲ. ಡೈನೋಸಾರುಗಳ ಕಾಲದ ಬೇರೆಯೇ ಗೋತ್ರ, ಆ ಗೋತ್ರದಲ್ಲಿ ಉಳಿದಿರುವುದು ಇದೊಂದೇ. ಅದನ್ನು ಹಲ್ಲಿಗಳ ಪುಟದಲ್ಲಿ ಕೂರಿಸಿದ್ದಕ್ಕೆ ನನಗೇ ಮುಜುಗರ.

ನಮ್ಮ ಅಂಚೆ ಇಲಾಖೆ 2003ರಲ್ಲಿ ಐದೈದು ರೂಪಾಯಿಯ ನಾಲ್ಕು ಹಾವು ಬಿಟ್ಟಿತು: ಹೆಬ್ಬಾವು, ಕಾಳಿಂಗ, ಹಾರುವ ಹಾವು, ಬಿದಿರು ಮಂಡಲ. ಅಂಟು ನೆಕ್ಕಿ ಹಚ್ಚುವವನಿಗೆ ಕಾಳಿಂಗದ ಬೆನ್ನು ನೆಕ್ಕುವ ಯೋಗ. ಆಮೇಲೆ ಅದರ ಹೆಡೆಯ ಮೇಲೆ ಧಪ್ಪಂತ ಕರಿ ಮುದ್ರೆ. ಶ್ರಾವಣದ ಪಂಚಮಿಗೆ ಕನ್ನಡದವರು, ಕಾರ್ತಿಕದ ನಾಗುಲ ಚವಿತಿಗೆ ತೆಲುಗರು ಹಾಲೆರೆಯುವ ಊರಲ್ಲಿ ನಾಗಪ್ಪನಿಗೆ ಹಿಂಗ್ ಹೊಡೀಬಹುದೇನು ಅಂತ ಅವ್ವನ ತಕರಾರು.

ಗೋಸುಂಬೆ ಚೀಟಿ ನನ್ನಲ್ಲಿಲ್ಲ. ಅಂಥ ಆಸೆಯೂ ಇಲ್ಲ. ಮದ್ರಾಸಿನ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ 1953ಕ್ಕೆ ಆಂಧ್ರ, 1956ಕ್ಕೆ ಆಂಧ್ರಪ್ರದೇಶ ಆದದ್ದು ಕೂತ ಬಂಡೆಯಿಂದ ಕದಲದೆ. ಇದಕ್ಕಿಂತ ಒಳ್ಳೆಯ ಗೋಸುಂಬೆ ಯಾವ ದೇಶದವರು ಅಚ್ಚು ಹಾಕಿಯಾರು?

ನಿನ್ನೆ 1894ರ ನಾರ್ತ್ ಬೋರ್ನಿಯೋದ ಮೊಸಳೆಗೆ ಎಷ್ಟು ಕೊಟ್ಟೆ ಅಂತ ಅವ್ವನಿಗೆ ಗೊತ್ತಾಯಿತು. ‘ಈ ಹುಳಾ ಹುಪ್ಪಡಿ ಎಲ್ಲಾ ಮಾರಿ ಒಂದು ಫ್ರಿಜ್ಜು ತರೋದು ಛಲೋ’ ಅಂದಳು. ಬೀರುವಿನ ಹಿಂದಿನಿಂದ ಲೊಚ್ ಲೊಚ್ ಅಂತು. ಅವ್ವ ‘ಕೃಷ್ಣ ಕೃಷ್ಣ’ ಅಂತ ನೆಲ ತಟ್ಟಿ, ಗೆದ್ದ ಮುಖದಲ್ಲಿ ನನ್ನನ್ನು ನೋಡಿದಳು.