ಶಶೋದರ ಮೀಮಾಂಸೆ

ನಮ್ಮ ತಾರ್ಕಿಕರು ಮೊಲದ ಕೊಂಬಿನ ಬಗ್ಗೆ ಶತಮಾನಗಟ್ಟಲೆ ವಾದ ಮಾಡಿದರು. ಇಲ್ಲದ ವಸ್ತುವಿಗೆ ಉದಾಹರಣೆ ಬೇಕಾದಾಗಲೆಲ್ಲ ಆ ಕೊಂಬನ್ನೇ ಎಳೆದು ತಂದರು. ಅದರಿಂದ ಒಂದು ಗೇಣು ಹಿಂದೆ ನಿಜವಾಗಿಯೂ ಇರುವ ಹೊಟ್ಟೆಯತ್ತ ಮಾತ್ರ ಅವರ ದೃಷ್ಟಿ ಹೊರಳಲಿಲ್ಲ. ಶಾಸ್ತ್ರಲೋಕದ ಈ ಮಹಾಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಪೂರ್ವಪಕ್ಷ: ಮೊಲದ ಆಹಾರ ಕ್ಯಾರೆಟ್. ಇದನ್ನು ಮಂಡಿಸುವವರು ಅಪಾರ್ಟ್‌ಮೆಂಟುಗಳ ಮೊಲವತ್ಸಲರು. ಅವರಿಗೆ ಪ್ರಮಾಣ 1940ರಲ್ಲಿ ತೆರೆಗೆ ಬಂದ ಕಾರ್ಟೂನ್ ಮೊಲ ಬಗ್ಸ್ ಬನಿ. ಬಗ್ಸ್ ಕ್ಯಾರೆಟ್ ಕಡಿಯುತ್ತ ಮಾತಾಡುವ ಭಂಗಿಯಾದರೋ 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಚಿತ್ರದ ಕ್ಲಾರ್ಕ್ ಗೇಬಲ್‌ನಿಂದ ಬಂದದ್ದು. ಅಂದಮೇಲೆ ಜಗತ್ತಿನ ಸಾಕುಮೊಲಗಳ ಪಥ್ಯವನ್ನು ಗೊತ್ತುಮಾಡಿದವನು ಹಾಲಿವುಡ್ಡಿನ ಒಬ್ಬ ನಾಯಕನಟ. ಅವನಿಗೆ ಮೊಲದ ಕರುಳಿರಲಿಲ್ಲ ಎಂಬ ಆಕ್ಷೇಪವನ್ನು ಯಾರೂ ಎತ್ತಿದಂತಿಲ್ಲ.

ಪ್ರತಿವಾದಿಯಾಗಿ ನಿಲ್ಲುವವರು ಮಕ್ಕಳ ಕತೆಗಾರ್ತಿ ಬಿಯಾಟ್ರಿಕ್ಸ್ ಪಾಟರ್. ಮನೆಯಲ್ಲೇ ಮೊಲ ಸಾಕಿದ್ದ ಈಕೆಯ 1902ರ ಕತೆಯಲ್ಲಿ ಪೀಟರ್ ಮೊಲ ಕಂಡವರ ತೋಟಕ್ಕೆ ನುಗ್ಗಿ ಲೆಟಿಸ್, ಬೀನ್ಸ್, ಮೂಲಂಗಿ ಮುಕ್ಕಿ, ಹೊಟ್ಟೆ ತೊಳಸಿ ಪಾರ್ಸ್ಲಿ ಹುಡುಕುತ್ತ ಹೊರಡುತ್ತದೆ. ಮಕ್ಕಳ ಪುಸ್ತಕಕ್ಕಿದ್ದ ಈ ಎಚ್ಚರ ದೊಡ್ಡವರ ಸಿನಿಮಾಕ್ಕಿಲ್ಲ.

ಇನ್ನು ಸಿದ್ಧಾಂತ. ವಾಂತಿ ಮಾಡುವ ಮೊಲ, ಕೊಂಬಿರುವ ಮೊಲ, ಎರಡೂ ಒಂದೇ ವರ್ಗ: ಇಲ್ಲ. ಒಳಹೋದದ್ದು ಮುಂದೆ ಸಾಗಲೇಬೇಕು, ಸಾಗಿಸುವುದು ಹುಲ್ಲಿನ ನಾರು. ಸಣ್ಣಕರುಳು ದೊಡ್ಡಕರುಳು ಕೂಡುವಲ್ಲಿ ಜಠರಕ್ಕಿಂತ ಹಲವು ಪಟ್ಟು ದೊಡ್ಡದಾದ ಸೀಕಮ್ ಎಂಬ ಚೀಲವಿದೆ. ಅದರೊಳಗೆ ಸೂಕ್ಷ್ಮಜೀವಿಗಳು ದೋಸೆಹಿಟ್ಟಿನ ಪಾತ್ರೆಯಲ್ಲಿ ನಡೆಯುವಂಥ ಕೆಲಸವನ್ನೇ ಹಗಲೂ ರಾತ್ರಿ ನಡೆಸುತ್ತವೆ. ಹೀಗೆ ಹುಳಿತು ತಯಾರಾದ ಮೆತ್ತನೆಯ ಹಿಕ್ಕೆಯನ್ನು ಮೊಲ ಗುದದಿಂದಲೇ ಬಾಯಿಗಿಟ್ಟು ನುಂಗುತ್ತದೆ. ಪ್ರೋಟೀನು, ಬಿ ವಿಟಮಿನ್ನು ಅದಕ್ಕೆ ದಕ್ಕುವುದು ಹಾಗೆ. 1882ರಲ್ಲೇ ಫ್ರಾನ್ಸಿನ ಪಶುವೈದ್ಯ ಮೊರೊ ಇದನ್ನು ವಿವರಿಸಿದ್ದರೂ ಮಡಿವಂತರು ಇಂದಿಗೂ ಒಪ್ಪಲಾರರು. ಅವರು ಒಪ್ಪದಿದ್ದರೂ ಚಿಂತೆಯಿಲ್ಲ, ಮೊಲವನ್ನು ತಡೆಯದಿದ್ದರೆ ಸಾಕು. ಆ ಹಿಕ್ಕೆ ತಿನ್ನದೆ ಬಿದ್ದಿದ್ದರೆ ಬಟ್ಟಲಲ್ಲಿ ಸಿಹಿಯೋ ಪಿಷ್ಟವೋ ಹೆಚ್ಚಾಗಿರಬಹುದೆಂದು ಅನುಮಾನಿಸಬೇಕು.

ಬಿಸ್ಕತ್ತು, ಬ್ರೆಡ್ಡು, ಬಾಳೆಹಣ್ಣು ಹೆಚ್ಚಿ ಹುಲ್ಲು ಕಡಿಮೆಯಾದರೆ ಕರುಳು ನಿಧಾನವಾಗುತ್ತದೆ, ಕೆಟ್ಟ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಗಾಳಿ ತುಂಬುತ್ತದೆ. ನೋವಿಗೆ ಮೊಲ ತಿನ್ನುವುದು ಬಿಡುತ್ತದೆ. ತಿನ್ನದ ಕಾರಣ ಕರುಳು ಇನ್ನೂ ಜಡವಾಗುತ್ತದೆ. ಆಗ ಯಜಮಾನರು ಹೊಟ್ಟೆಯ ಕೂದಲುಂಡೆಯನ್ನು ದೂರುತ್ತಾರೆ. ಮೈ ನೆಕ್ಕುವ ಮೊಲದ ಹೊಟ್ಟೆಯಲ್ಲಿ ಕೂದಲು ಯಾವಾಗಲೂ ಇರುತ್ತದೆ. ಕರುಳು ನಿಂತು ನೀರು ಆರಿದ ಮೇಲೆ ಅದು ಗಟ್ಟಿಯಾಗುತ್ತದೆ. ಕಾರ್ಯವನ್ನೇ ಕಾರಣವೆಂದು ಹಿಡಿದವರ ಮೊಲಕ್ಕೆ ಮೂರೇ ಕಾಲು. ಬೇಸಿಗೆಯ ಝಳ, ಪಟಾಕಿಯ ಗಾಬರಿ, ಹಲ್ಲುನೋವು, ಇಕ್ಕಟ್ಟಾದ ಗೂಡು ಕೂಡ ಇದೇ ಹಾದಿ ಹಿಡಿಸುತ್ತವೆ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಬಾಯಿಗೆ ಹಾಕುವುದಂತೂ ಘೋರ. ಅದು ಸೀಕಮ್ಮಿನ ಒಳ್ಳೆಯ ಜೀವಿಗಳನ್ನೇ ಕೊಂದು ಮೊಲದ ಪ್ರಾಣ ತೆಗೆಯಬಲ್ಲದು.

ನಿವಾರಣೋಪಾಯಕ್ಕೆ ಪುರಾಣವೇ ಸಾಕು. ಅನಲಾಸುರನನ್ನು ನುಂಗಿದ ಗಣೇಶನ ಹೊಟ್ಟೆಯುರಿ ಇಳಿದದ್ದು ಗರಿಕೆಯಿಂದ. ಮೊಲದ ಊಟದಲ್ಲೂ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚು ಹುಲ್ಲೇ ಇರಬೇಕು: ಔಷಧ ಸಿಂಪಡಿಸದ ಗರಿಕೆ, ಒಣಹುಲ್ಲು. ಜೊತೆಗೆ ಒಂದಿಷ್ಟು ಕೊತ್ತಂಬರಿ, ಪುದೀನ, ಬಟ್ಟಲಲ್ಲಿ ನೀರು, ಓಡಾಡಲು ಜಾಗ. ಪೆಲೆಟ್ಟು ಮಿತವಾಗಿ, ಕ್ಯಾರೆಟ್ ಹಬ್ಬಕ್ಕೊಮ್ಮೆ. ಅದರ ಸೊಪ್ಪನ್ನು ಧಾರಾಳವಾಗಿ ಕೊಡಬಹುದು.

ಉಪವಾಸವೇ ಮದ್ದೆಂಬ ವೈದ್ಯ ಮನುಷ್ಯನಿಗೆ, ಮೊಲಕ್ಕೆ ಏಕಾದಶಿಯಿಲ್ಲ. ಹನ್ನೆರಡು ಗಂಟೆ ಅದು ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ, ಓದುಗರು ಈ ಪ್ರಬಂಧವನ್ನು ಅಲ್ಲೇ ಮಡಚಿಟ್ಟು ಪಶುವೈದ್ಯರಲ್ಲಿಗೆ ಓಡಬೇಕು, ಬೆಳಗಾಗಲೆಂದು ಕಾಯಬಾರದು.