ಬೆಂಟೆಕ್ಸ್ ಸರದ ಗುಟ್ಟು

ಹುಲಸೂರದಿಂದ ಬಸವಕಲ್ಯಾಣ, ಅಲ್ಲಿಂದ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಪುಕ್ಕಟೆ. ಸೀಟಿಗೆ ಮಾತ್ರ ಮೊಣಕೈ ಗಟ್ಟಿ ಬೇಕು.

“ಯಕ್ಕಾ, ಇಷ್ಟ್ ಗದ್ಲದಾಗ ಬೋರಮಾಳ ಹಾಕೊಂಡ್ ಬಂದೀದಿ?”

“ಸಾವ್ಕಾಶ ಮಾತಾಡು! ಬೆಂಟೆಕ್ಸ್ ಅದ. ಹೋದ್ರ ನೂರೈವತ್ತು ರೂಪಾಯಿ.”

ಸಾವಕಾಶ ಎಂದವಳ ದನಿ ಡ್ರೈವರನಿಗೂ ಕೇಳಿತು.

“ಮತ್ಯಾಕ ಸೆರಗಿನಾಗ ಮುಚ್ಚಿ ಹಿಡ್ದೀದಿ?”

“ಬೆವರು ಬಡದ್ರ ಕಪ್ಪಾಗ್ತದ. ಜಾತ್ರಿಗಿ ಬೀಗರೂ ಬರ್ತಾರ.”

“ಖರೇ ಬಂಗಾರ?”

“ಜ್ವಾಳದ ಡಬ್ಬ್ಯಾಗ, ಅಡಗಿಮನ್ಯಾಗ.”

“ಮನ್ಯಾಗ ಯಾರದಾರ?”

“ಯಾರೂ ಇಲ್ಲ. ಎಲ್ಲಾರೂ ಇದೇ ಬಸ್ಸಿನ್ಯಾಗ.”

ಹಿಂದಿನ ಸೀಟಿನವನು ಎದ್ದ. “ಕಂಡಕ್ಟರ್ ಸಾಬ್, ಇಲ್ಲೇ ಇಳಸ್ರಿ. ಊರಾಗ ಒಂದ್ ಕೆಲಸ ನೆನಪಾತು.”