ಪೆನ್‌ಡ್ರೈವ್ ರಾಯರು

ಪೆನ್‌ಡ್ರೈವ್ ರಾಯರಿಲ್ಲದ ಊರು ಕರ್ನಾಟಕದಲ್ಲಿ ಇರಲಿಕ್ಕಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಮಹಡಿ ಮೆಟ್ಟಿಲ ಕೆಳಗೋ, ಶಿವಮೊಗ್ಗದ ಗಾಂಧಿ ಬಜಾರಿನ ಸಂದಿಯಲ್ಲೋ, ಮೈಸೂರಿನ ಅಗ್ರಹಾರದ ಮೂಲೆಯಲ್ಲೋ ‘ಡಿಟಿಪಿ, ಜೆರಾಕ್ಸ್, ಲಗ್ನಪತ್ರಿಕೆ’ ಎಂಬ ಬೋರ್ಡು ಕಂಡರೆ ಒಳಗೆ ಅವರು ಕೂತಿದ್ದಾರೆಂದೇ ಲೆಕ್ಕ. ಹಣೆಯಲ್ಲಿ ಅಂಗಾರ, ಮೂಗಿನ ತುದಿಗೆ ಜಾರಿದ ಕನ್ನಡಕ, ಸೊಂಟದಲ್ಲಿ ಕೀಲಿಗೊಂಚಲು. ಗೊಂಚಲಿನಲ್ಲಿ ಬೀರುವಿನ ಕೀಲಿ, ಸ್ಕೂಟರಿನ ಕೀಲಿ, ನಡುವೆ ಒಂದು ಪೆನ್‌ಡ್ರೈವು. ಬೀರುವಿನ ಕೀಲಿಯನ್ನು ಹೆಂಡತಿಗೆ ಕೊಟ್ಟಾರು, ಸ್ಕೂಟರಿನದನ್ನು ಮಗನಿಗೆ ಕೊಟ್ಟಾರು. ಪೆನ್‌ಡ್ರೈವ್ ಕೇಳಿದರೆ ಮಾತ್ರ ಸೊಂಟಕ್ಕೆ ಕೈ ಹೋಗುತ್ತದೆ.

ಅಂಗಡಿಯ ಕಂಪ್ಯೂಟರಿನಲ್ಲಿ ಇರುವುದು ವಿಂಡೋಸ್ ಎಕ್ಸ್‌ಪಿ. ಮೈಕ್ರೋಸಾಫ್ಟಿನವರು 2014ರ ಏಪ್ರಿಲ್ 8ಕ್ಕೇ ಅದರ ಕೈಬಿಟ್ಟರು. ರಾಯರು ಬಿಡಲಿಲ್ಲ. “ಅವರು ಬಿಟ್ಟರೆ ನನಗೇನ್ರಿ? ನನ್ನ ಮೇಜಿನ ಮೇಲಿದೆ, ನನ್ನ ಕರೆಂಟ್ ಬಿಲ್ಲಲ್ಲಿ ಓಡತ್ತೆ.” ಅದರೊಳಗೆ ಪೇಜ್‌ಮೇಕರ್ 7.0, ಅಡೋಬಿಯವರು 2001ರಲ್ಲಿ ಹೊರಡಿಸಿದ ಕಟ್ಟಕಡೆಯ ಆವೃತ್ತಿ. ಜೊತೆಗೆ ನುಡಿ ತಂತ್ರಾಂಶ. ಇಂಟರ್‌ನೆಟ್ ಇಲ್ಲವೆಂದಲ್ಲ, ಅದು ಬಾಗಿಲ ಹತ್ತಿರ ಮಗ ಕೂರುವ ಬೇರೆ ಕಂಪ್ಯೂಟರಿಗೆ. ಒಳಗಿನ ಯಂತ್ರ ಏಕಾದಶಿಯ ಅಜ್ಜಿಯಷ್ಟೇ ಮಡಿ. ಹೊರಗಿನ ವೈರು ಅದನ್ನು ಸೋಕುವಂತಿಲ್ಲ.

“ಹಿಂದೆ ಸಾಫ್ಟ್‌ವೇರ್ ಡಬ್ಬಿಯಲ್ಲಿ ಬರ್ತಿತ್ತು. ಒಂದು ಸಲ ದುಡ್ಡು ಕೊಟ್ಟರೆ ಮುಗೀತು, ಸಾಯೋವರೆಗೂ ನಮ್ಮದು,” ಎಂದು ರಾಯರು ಶುರುಮಾಡಿದರೆ ಲಗ್ನಪತ್ರಿಕೆಗೆ ಬಂದವರು ಮುಹೂರ್ತದ ಚಿಂತೆ ಬಿಟ್ಟು ಕೂರಬೇಕು. 2013ರ ಮೇ ತಿಂಗಳಲ್ಲಿ ಅಡೋಬಿ ಕಂಪನಿ, ಇನ್ನು ಹೊಸ ಫೋಟೋಶಾಪನ್ನು ಡಬ್ಬಿಯಲ್ಲಿ ಮಾರುವುದಿಲ್ಲ, ಚಂದಾ ಕಟ್ಟಿ ಬಳಸಿ ಎಂದಿತಲ್ಲ, ಕಲಿಯುಗ ಜೋರಾದದ್ದು ಅಂದಿನಿಂದ ಎಂಬುದು ಅವರ ಸಿದ್ಧಾಂತ. “ತಿಂಗಳು ತಿಂಗಳು ಬಾಡಿಗೆ! ಒಂದು ತಿಂಗಳು ತಪ್ಪಿದರೆ ನನ್ನ ಅಂಗಡೀಲಿ ನಾನೇ ಹೊರಗೆ.”

ಈ ಅನುಮಾನಕ್ಕೆಲ್ಲ ಅವರ ಬಳಿ ದಾಖಲೆ ಉಂಟು. ಒಂಟಿಕೊಪ್ಪಲ್ ಪಂಚಾಂಗದ ಕೊನೆಯ ಖಾಲಿ ಹಾಳೆಯಲ್ಲಿ, ತಂದೆಯ ತಿಥಿ, ತಾಯಿಯ ತಿಥಿ ಬರೆದ ಸಾಲಿನ ಕೆಳಗೆ, ಅದೇ ನೀಲಿ ಶಾಯಿಯಲ್ಲಿ, ಮುಚ್ಚಿಹೋದ ಸೇವೆಗಳ ತಿಥಿ: 2013 ಜುಲೈ 1, ಗೂಗಲ್ ರೀಡರ್. 2014 ಸೆಪ್ಟೆಂಬರ್ 30, ಆರ್ಕುಟ್. 2019 ಏಪ್ರಿಲ್, ಗೂಗಲ್ ಪ್ಲಸ್. ಪ್ರತಿ ಯುಗಾದಿಗೂ ಹಳೆಯ ಪಂಚಾಂಗದಿಂದ ಹೊಸದಕ್ಕೆ ಇವೆಲ್ಲ ನಕಲಾಗುತ್ತವೆ. ‘ಅಪಮೃತ್ಯು’ ಎಂಬ ಬೇರೆಯದೇ ಕಲಮು ಇದೆ. 2009ರ ಜುಲೈನಲ್ಲಿ ಅಮೆಜಾನ್ ಕಂಪನಿ, ಹಕ್ಕಿನ ತಕರಾರು ಬಂತೆಂದು, ಜನ ಕಾಸು ಕೊಟ್ಟು ಕೊಂಡಿದ್ದ ಪುಸ್ತಕವನ್ನು ಅವರವರ ಕಿಂಡಲ್‌ನಿಂದ ಕೂತಲ್ಲೇ ಅಳಿಸಿತು. “ಯಾವ ಪುಸ್ತಕ ಹೇಳಿ? ಆರ್ವೆಲ್ಲಿನ 1984!” ಎಂದು ರಾಯರು ಮೇಜು ಕುಟ್ಟುತ್ತಾರೆ. 2017ರ ಅಕ್ಟೋಬರ್ 31ರಂದು ಗೂಗಲ್ ಡಾಕ್ಸ್ ಕೆಲವರ ಬರಹವನ್ನು ನಿಯಮಕ್ಕೆ ವಿರುದ್ಧವೆಂದು ಬರೆದವರಿಗೇ ಮುಚ್ಚಿಬಿಟ್ಟಿತು. ಆಮೇಲೆ ನೋಡಿದರೆ ತಪ್ಪು ಅವರ ಯಂತ್ರದ್ದು. ಗೂಗಲ್ ಫೋಟೋಸಿನಲ್ಲಿ ಎಷ್ಟು ಬೇಕಾದರೂ ಪುಕ್ಕಟೆ ಇಡಿ ಎಂದವರು 2021ರ ಜೂನ್‌ನಿಂದ 15 ಜಿಬಿಯ ಲೆಕ್ಕ ತೆಗೆದರು. ಎರಡು ವರ್ಷ ಖಾತೆ ಮುಟ್ಟದಿದ್ದರೆ ಅಳಿಸುತ್ತೇವೆ ಎಂದರು. ಇವು ಯಾವುವೂ ರಾಯರ ಕಲ್ಪನೆಯಲ್ಲ ಎಂಬುದೇ ತೊಂದರೆ. ನಗೋಣವೆಂದು ಹೋದವರು ಫೋನ್ ತೆಗೆದು ಸ್ಟೋರೇಜ್ ನೋಡಿಕೊಳ್ಳುತ್ತಾ ಮೆಟ್ಟಿಲಿಳಿಯುತ್ತಾರೆ.

ಅವರ ಪ್ರತಾಪ ನೋಡಬೇಕೆಂದರೆ ವೈಶಾಖದ ಲಗ್ನಗಳ ಕಾಲದಲ್ಲಿ ಹೋಗಬೇಕು. ಮೊನ್ನೆ ಮದುಮಗಳ ಅಣ್ಣ ಬಂದ, ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ.

“ಅಂಕಲ್, ಮ್ಯಾಟರ್ ಲಿಂಕ್ ಕಳ್ಸಿದೀನಿ ನೋಡಿ.”

“ಲಿಂಕು ಬೇಡಪ್ಪ, ಫೈಲ್ ಕೊಡು.”

“ಲಿಂಕಲ್ಲೇ ಫೈಲಿದೆ ಅಂಕಲ್.”

“ಎಲ್ಲಿದೆ?”

“ಡ್ರೈವಲ್ಲಿ.”

“ಯಾವೂರಲ್ಲಿ?”

ಹುಡುಗ ತಬ್ಬಿಬ್ಬಾದ. ಮಗನ ಕಂಪ್ಯೂಟರಿನಲ್ಲಿ ಒತ್ತಿದರೆ, ಇದನ್ನು ನೋಡಲು ಅನುಮತಿ ಬೇಕು ಎಂದಿತು. ಫೈಲ್ ಮಾಡಿದವಳು ನ್ಯೂಜೆರ್ಸಿಯ ಚಿಕ್ಕಪ್ಪನ ಮಗಳು, ಅಲ್ಲಿ ನಡುರಾತ್ರಿ. ಅವಳೆದ್ದು ಅನುಮತಿ ಕೊಡುವ ತನಕ ‘ತಮ್ಮ ಚಿರಂಜೀವಿ ಸೌಭಾಗ್ಯವತಿ’ ಯಾರೆಂದು ತಿಳಿಯುವಂತಿಲ್ಲ. ರಾಯರು ಏನೂ ಹೇಳಲಿಲ್ಲ. ಎದ್ದು ಹೋಗಿ ಕಪಾಟಿನಿಂದ ‘2009 ಮದುವೆ, ಎ–ಕೆ’ ಎಂದು ಬರೆದ ಸಿಡಿ ತಂದು, ತೋಳಿನ ಬಟ್ಟೆಯಲ್ಲಿ ಒರೆಸಿ, ಟ್ರೇಗೆ ಇಟ್ಟು, ಅದೇ ಹುಡುಗನ ಅಕ್ಕನ ಲಗ್ನಪತ್ರಿಕೆಯನ್ನು ತೆರೆದರು. ಗೋತ್ರ ಅದೇ, ಆಹ್ವಾನಿಸುವ ತಾತ ಅವರೇ. ಹೆಸರು, ತಾರೀಖು, ಛತ್ರ ಬದಲಾಯಿಸಿದ್ದಷ್ಟೇ ಕೆಲಸ. ಕಾಫಿ ಆರುವುದರೊಳಗೆ ಪ್ರೂಫು ಕೈಗೆ ಬಂತು.

ಆದರೆ ಸ್ವಂತದ್ದು ಸ್ವಂತದ್ದು ಎನ್ನುವ ರಾಯರ ಹತ್ತಿರ ಕೇಳಬಾರದ ಪ್ರಶ್ನೆ ಒಂದಿದೆ: “ಪೇಜ್‌ಮೇಕರಿನ ಬಿಲ್ ಎಲ್ಲಿ ರಾಯರೇ?” ಕೇಳಿದೊಡನೆ ಕನ್ನಡಕ ಒರೆಸುವ ಕೆಲಸ ಬೀಳುತ್ತದೆ. ಎಸ್‌.ಪಿ. ರಸ್ತೆಯಿಂದ ಬಂದ ಸಿಡಿ. ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಪಿಎಂ 7’, ಅದರ ಕೆಳಗೇ ಸೀರಿಯಲ್ ನಂಬರು. ಬಾಡಿಗೆ ಕೊಡಲಾರೆ ಎಂದವರು ಕ್ರಯವನ್ನೂ ಕೊಟ್ಟಿರಲಿಲ್ಲ! ಬಿಲ್ ಇದ್ದರೂ ಅಷ್ಟೇ. ಡಬ್ಬಿಯ ಕಾಲದಲ್ಲೂ ಕಂಪನಿಗಳು ಮಾರುತ್ತಿದ್ದದ್ದು ಬಳಸುವ ಪರವಾನಗಿಯನ್ನು. ‘ಐ ಅಗ್ರೀ’ ಒತ್ತುವ ಮೊದಲು ಅದನ್ನು ಓದಿದವರಿಲ್ಲ. ಸ್ವತಂತ್ರ ತಂತ್ರಾಂಶ ಚಳವಳಿಯ ಅಮೆರಿಕದ ರಿಚರ್ಡ್ ಸ್ಟಾಲ್ಮನ್, ಪರರ ಯಂತ್ರವನ್ನು ನೆಚ್ಚುವ ಈ ‘ಕ್ಲೌಡ್’ ವ್ಯವಸ್ಥೆ ಮೂರ್ಖತನಕ್ಕಿಂತ ಕಡೆ ಎಂದು 2008ರಲ್ಲೇ ಗುಡುಗಿದ್ದು ಕೇಳಿ ರಾಯರು, “ನೋಡಿ, ನಮ್ಮವರು!” ಎಂದು ಹಿಗ್ಗಿದರು. ಒಳಗಿನ ಗುಟ್ಟು ತೋರಿಸದ ಪೇಜ್‌ಮೇಕರ್, ಎಕ್ಸ್‌ಪಿಗಳನ್ನೂ ಸ್ಟಾಲ್ಮನ್ ಅಷ್ಟೇ ಬೈಯುತ್ತಾರೆ ಎಂದು ಯಾರೂ ಹೇಳಲು ಹೋಗಿಲ್ಲ.

ಹೋದ ಮಳೆಗಾಲದಲ್ಲಿ ರಾಯರ ಹಾರ್ಡ್‌ಡಿಸ್ಕು ಕಟಕಟ ಎಂದು ನಿಂತಿತು. ಸಿಡಿಗಳಿಗೆ ಕೈಹಾಕಿದರೆ ಅರ್ಧಕ್ಕರ್ಧ ಬೂಷ್ಟು. ಪೆನ್‌ಡ್ರೈವಿನಲ್ಲಿ ಉಳಿದಿದ್ದ ಬರಹವನ್ನು ಮಗ ಫೋನಿನಲ್ಲಿ ತೆರೆದರೆ ಒಂದಕ್ಷರ ಕನ್ನಡವಿಲ್ಲ, ಕೊಂಬು ಬಾಲ ಮೂಡಿದ ಇಂಗ್ಲಿಷ್ ಅಕ್ಷರಗಳ ಸಾಲು. ಹಳೆಯ ಆಸ್ಕಿ ನುಡಿ. ಆ ಫಾಂಟ್ ಇದ್ದಲ್ಲಿ ಮಾತ್ರ ಅದು ಕನ್ನಡ. ಯೂನಿಕೋಡ್‌ಗೆ ಬದಲಿಸಿಡಿ ಎಂದು ಮಗ ಹೇಳಿ ಹೇಳಿ ಸೋತಿದ್ದ. ಕೊನೆಗೆ ಮಾನ ಉಳಿಸಿದ್ದು ಯಾರು? ಗಿರಾಕಿಗಳಿಗೆ ಪ್ರೂಫ್ ನೋಡಲೆಂದು ಮಗ ಇಮೇಲ್ ಮಾಡುತ್ತಿದ್ದ ಪಿಡಿಎಫ್‌ಗಳು. ವರ್ಷಗಳ ಲಗ್ನಪತ್ರಿಕೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಎಲ್ಲವೂ ಅವನ ‘ಸೆಂಟ್’ ಪೆಟ್ಟಿಗೆಯಲ್ಲಿ ಸುಖವಾಗಿದ್ದವು.

“ಹಾಗಾದರೆ ಕ್ಲೌಡೇ ಕಾಪಾಡಿತಲ್ಲ ರಾಯರೇ?” ಎಂದೆ.

“ಕ್ಲೌಡ್ ಎಲ್ಲಿ ಬಂತು? ನನ್ನ ಪ್ರೂಫನ್ನ ಅವರು ಇಟ್ಟುಕೊಂಡಿದ್ದರು, ನಾನು ವಾಪಸ್ ಇಸಕೊಂಡೆ,” ಎಂದರು. ಹೊಸ ಪೆನ್‌ಡ್ರೈವ್ ಆಗಲೇ ಗೊಂಚಲು ಸೇರಿತ್ತು.

ನನ್ನ ತೀರ್ಪು ಇಷ್ಟು: ರಾಯರ ಅನುಮಾನ ಸರಿ, ಅವರ ಕಪಾಟು ಸರಿಯಿಲ್ಲ. ಪರರ ಯಂತ್ರವನ್ನು ನಂಬಿ ಕೆಟ್ಟವರಿದ್ದಾರೆ, ಸ್ವಂತ ಯಂತ್ರವನ್ನೊಂದೇ ನಂಬಿ ಕೆಟ್ಟವರೂ ಇದ್ದಾರೆ. ಗೂಗಲ್ಲಿನಲ್ಲಿ ‘ಟೇಕ್‌ಔಟ್’ ಎಂಬ ಸೌಲಭ್ಯ 2011ರಿಂದಲೂ ಇದೆ, ನಿಮ್ಮದೆಲ್ಲವನ್ನೂ ಗಂಟು ಕಟ್ಟಿ ಕೊಡುತ್ತದೆ. ಈ ಭಾನುವಾರ ಅದನ್ನು ಇಳಿಸಿಕೊಳ್ಳಿ, ಕನ್ನಡವನ್ನು ಯೂನಿಕೋಡಿನಲ್ಲಿಡಿ, ಒಂದು ಪ್ರತಿ ಅಲ್ಲಿರಲಿ, ಒಂದು ಮನೆಯಲ್ಲಿರಲಿ. ಖಾತೆ ಬಂದ್ ಆದ ದಿನ ದೊಡ್ಡ ಕಂಪನಿಯವರು ಯಾರೂ ನಿಮ್ಮ ಫೋನ್ ಎತ್ತುವುದಿಲ್ಲ. ರಾಯರು ಎತ್ತುತ್ತಾರೆ, ಆದರೆ ಬೈಯುತ್ತಾರೆ.